ಪಕ್ಕದಲ್ಲಿ ಕೂತವರು ಕಲಿಸಿದ ಸಂಗೀತ

ಕುಂದಗೋಳದ ವಾಡೆ, ಚಾಮರಾಜಪೇಟೆಯ ಚಪ್ಪರ, ಗಿಟಾರಿನ ಬೆಂಗಳೂರು. ಮೂರೂ ಕಡೆ ಸಂಗೀತ ಬೆಳೆದದ್ದು ಒಬ್ಬ ಕೇಳುಗ ಇನ್ನೊಬ್ಬನನ್ನು ಕರೆದುಕೊಂಡು ಬಂದಿದ್ದರಿಂದ.

"ಏಳೋ ತಮ್ಮಾ, ಲಲಿತ ಸುರು ಆತು."

ಭುಜ ಅಲುಗಿಸಿ ಎಬ್ಬಿಸಿದವರು ಯಾರೆಂದು ನನಗೆ ಗೊತ್ತಿರಲಿಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಅಹೋರಾತ್ರಿ ಸಂಗೀತ ನಡೆದಿತ್ತು. ನಾನಿನ್ನೂ ಕಾಲೇಜು ಹುಡುಗ. ಗೆಳೆಯನ ಒತ್ತಾಯಕ್ಕೆ ಬಂದವನು ಮಧ್ಯರಾತ್ರಿ ದಾಟುವುದರೊಳಗೆ ಜಮಖಾನೆಯ ಅಂಚಿನಲ್ಲಿ ಗೋಡೆಗೆ ಒರಗಿ ನಿದ್ದೆಹೋಗಿದ್ದೆ. ಕಣ್ಣುಜ್ಜಿಕೊಂಡು ನೋಡಿದರೆ ಧೋತರ ಉಟ್ಟ ಹಿರಿಯರೊಬ್ಬರು ನನ್ನತ್ತ ಬಾಗಿದ್ದರು. "ನಿದ್ದಿ ಮನ್ಯಾಗೂ ಸಿಗತೈತಿ. ಇದು ಸಿಗಂಗಿಲ್ಲ" ಅಂದರು. ಆಮೇಲೆ ಇನ್ನಷ್ಟು ಮೆಲ್ಲಗೆ, "ಎರಡೂ ಮಧ್ಯಮ ಬೆನ್ನಿಗೆ ಬೆನ್ನು ಹಚ್ಚಿ ಬರತಾವ, ಕೇಳು. ಪಂಚಮ ಹುಡುಕಬ್ಯಾಡ. ಈ ರಾಗದಾಗ ಅದು ಇಲ್ಲೇ ಇಲ್ಲ."

ಶುದ್ಧ ಮಧ್ಯಮ ಯಾವುದು, ತೀವ್ರ ಮಧ್ಯಮ ಯಾವುದು ಎಂದು ಆಗ ನನಗೆ ತಿಳಿಯದು. ಆದರೂ ಅವರ ಬೆರಳು ಗಾಳಿಯಲ್ಲಿ ಒಂದಿಷ್ಟು ಮೇಲೇರಿ, ಅಲ್ಲೇ ತಡೆದು, ಮತ್ತೆ ಇಳಿದಾಗ ಹಾಡುಗಾರರ ದನಿಯೂ ಹಾಗೆಯೇ ತಡೆದು ಇಳಿಯಿತು. ಹೊರಗೆ ಇನ್ನೂ ಕತ್ತಲೆ. ಆ ಬೆರಳಿನ ಜಾಡು ಹಿಡಿದು ನಾನು ಮೊದಲ ಸಲ ಒಂದು ರಾಗದ ಒಳಗೆ ಹೋದೆ.

ಅವರ ಹೆಸರು ಇಂದಿಗೂ ನನಗೆ ಗೊತ್ತಿಲ್ಲ. ಆದರೆ ನನ್ನ ಮೊದಲ ಗುರು ಯಾರೆಂದು ಯಾರಾದರೂ ಕೇಳಿದರೆ ನೆನಪಾಗುವುದು ಅವರೇ.

ಇಡೀ ರಾತ್ರಿ ಯಾಕೆ?

ಸಂಜೆ ಆರಕ್ಕೆ ಶುರುವಾಗಿ ಒಂಬತ್ತೂವರೆಗೆ ಮುಗಿಯುವ ಸಭಾಂಗಣದ ಕಾರ್ಯಕ್ರಮಗಳಿಗೆ ನಾವು ಒಗ್ಗಿದ್ದೇವೆ. ಅಲ್ಲಿ ಯಮನ್, ಪೂರಿಯಾ, ಬಿಹಾಗ್ ಮತ್ತೆ ಮತ್ತೆ ಸಿಗುತ್ತವೆ. ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಕ್ಕೊಂದು ಹೊತ್ತು ಇದೆ. ದರಬಾರಿ, ಮಾಲಕಂಸ ನಡುರಾತ್ರಿಯವು, ಲಲಿತ ಬೆಳಗಿನ ಜಾವದ್ದು, ಭಟಿಯಾರ ಬೆಳಕು ಹರಿಯುವಾಗಿನದು, ತೋಡಿ ಬಿಸಿಲೇರುವಾಗಿನದು. ಸಂಜೆಯ ಸಭೆಗಳನ್ನಷ್ಟೇ ನಂಬಿದ ಕೇಳುಗ ಅರ್ಧ ಸಂಗೀತವನ್ನು ಅದರ ಹೊತ್ತಿನಲ್ಲಿ ಕೇಳದೆಯೇ ಉಳಿಯುತ್ತಾನೆ. ಅಹೋರಾತ್ರಿ ಕೂತವನಿಗೆ ಮಾತ್ರ ರಾತ್ರಿ ಸರಿದು ಬೆಳಗಾಗುವುದು ಕಿವಿಗೂ ಗೊತ್ತಾಗುತ್ತದೆ. ಕೊನೆಗೆ ಭೈರವಿ. ಭೈರವಿ ಮುಗಿಯುವ ತನಕ ಏಳಬಾರದೆಂಬುದು ನಮ್ಮ ಕಡೆಯ ಹಿರಿಯರ ಅಲಿಖಿತ ನಿಯಮ.

ಕುಂದಗೋಳಕ್ಕೆ ಈ ರಾತ್ರಿಯ ಹಕ್ಕು ಸುಮ್ಮನೆ ಬಂದದ್ದಲ್ಲ. ರಾಮಚಂದ್ರ ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು (1886–1952), ಈ ಊರಿನವರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರಿಗೆ ಹೋಗುವಾಗ ಬರುವಾಗ ನಾಡಿಗೇರರ ವಾಡೆಯಲ್ಲಿ ತಂಗುತ್ತಿದ್ದರು. ಮನೆಗೆ ಬಂದ ಗವಾಯಿಗೆ ಊಟ, ಹಾಸಿಗೆ, ಎದುರಿಗೆ ಕೂತು ಕೇಳುವ ಹತ್ತು ಜನ: ಇಷ್ಟನ್ನು ಒದಗಿಸಿದ ಒಂದು ಮನೆತನ ನಮ್ಮ ಸಂಗೀತದ ದಿಕ್ಕನ್ನೇ ತಿರುಗಿಸಿತು. ಖಾನರಿಂದ ಕಲಿತ ಸವಾಯಿ ಗಂಧರ್ವರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಅವರಿಗೆ ಕಲಿಸಿದರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಹೋಗಿಬರುತ್ತಿದ್ದರು. ಈಗಲೂ ಆ ಹಾದಿಯಲ್ಲಿ ರೈಲಿನಲ್ಲಿ ಹೋಗುವಾಗ, ಹೊಲಗಳ ನಡುವೆ ಅದೇ ಕಿಟಕಿಯ ಪಕ್ಕ ಕೂತು ಅವರು ಪಲ್ಟಾಗಳನ್ನು ಮನಸ್ಸಿನಲ್ಲೇ ತಿರುವಿರಬಹುದು ಎಂದುಕೊಳ್ಳುತ್ತೇನೆ.

ಇವರೆಲ್ಲ ಹಾಡುಗಾರರಾಗುವ ಮೊದಲು ಕೇಳುಗರು. ಬಾಲಕಿ ಗಂಗೂಬಾಯಿ ಅಂಗಡಿಯಲ್ಲಿ ಗ್ರಾಮಫೋನ್ ಹಾಡುತ್ತಿದ್ದರೆ ಬೀದಿಯಲ್ಲೇ ನಿಂತುಬಿಡುತ್ತಿದ್ದರು. ಗದಗಿನ ಬಾಲಕ ಭೀಮಸೇನ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆ ಕೇಳಿ, ಹಾಗೆ ಹಾಡುವುದನ್ನು ಕಲಿಯಬೇಕೆಂದು ಹನ್ನೊಂದನೆಯ ವಯಸ್ಸಿನಲ್ಲಿ ಮನೆಬಿಟ್ಟು ಹೊರಟರು. ಕೇಳುವುದರಲ್ಲಿ ಅಂಥ ಬಲವಿದೆ.

ಧಾರವಾಡದ ಕಿವಿ

ಧಾರವಾಡದಲ್ಲಿ ಹಾಡುವುದೆಂದರೆ ಕಲಾವಿದರಿಗೆ ಒಂದು ಪರೀಕ್ಷೆ ಎನ್ನುವ ಮಾತಿದೆ. ಇಲ್ಲಿನ ಕೇಳುಗ ಚಪ್ಪಾಳೆ ತಟ್ಟುವುದು ಕಡಿಮೆ. ತಬಲಾ ಸಮ್‌ಗೆ ಬಂದಾಗ ತಲೆ ಒಂದು ಸಲ ಆಡುತ್ತದೆ, ಬಾಯಲ್ಲಿ "ವಾಹ್" ಅಷ್ಟೇ. ಆ "ವಾಹ್" ಎಲ್ಲಿ ಬೀಳುತ್ತದೆ ಎನ್ನುವುದರಲ್ಲೇ ಕೇಳುಗನ ಓದು ಇದೆ. ಏರುದನಿಯ ತಾನಿಗೆ ಯಾರಾದರೂ ದಾದ್ ಕೊಟ್ಟಾರು. ಸದ್ದಿಲ್ಲದೆ ಬಂದು ಸೇರಿದ ಒಂದು ಕೋಮಲ ಸ್ವರಕ್ಕೆ ದಾದ್ ಕೊಡುವವನು ಹಾಡುಗಾರನಿಗೆ ಜೊತೆಗಾರ. ಅವನ ಮುಖ ನೋಡಿ ಹಾಡುಗಾರ ಮುಂದಿನ ಆಲಾಪ ಹೆಣೆಯುತ್ತಾನೆ.

ಪಂಡಿತ ಮಲ್ಲಿಕಾರ್ಜುನ ಮನಸೂರರು (1910–1992) ಇದೇ ಊರಲ್ಲಿದ್ದು ಜೈಪುರ–ಅತ್ರೌಲಿ ಘರಾಣೆಯ ಅಪರೂಪದ ರಾಗಗಳನ್ನು ಹಾಡಿದರು. ಏಕ್ ನಿಷಾದ್ ಬಿಹಾಗಡಾ, ಸಂಪೂರ್ಣ ಮಾಲಕಂಸ, ಶಿವಮತ ಭೈರವ, ಖಟ್. ಇಂಥ ರಾಗಗಳು ಬದುಕಬೇಕಾದರೆ ಹಾಡುವವರೊಬ್ಬರು ಸಾಲದು; ಬಿಹಾಗಡಾ ಎಲ್ಲಿ ಮುಗಿದು ಬಿಹಾಗ ಎಲ್ಲಿ ಶುರುವಾಗುತ್ತದೆಂದು ಕಿವಿಗೊಟ್ಟು ಕಾಯುವವರೂ ಬೇಕು. ಮನಸೂರರು ತಮ್ಮ ಆತ್ಮಕಥೆಗೆ 'ನನ್ನ ರಸಯಾತ್ರೆ' ಎಂದು ಹೆಸರಿಟ್ಟರು. ರಸ ಇರುವಲ್ಲಿ ರಸಿಕ ಇರಲೇಬೇಕು.

ಈ ಕಿವಿಯನ್ನು ತಯಾರುಮಾಡಿದ್ದರಲ್ಲಿ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ಪಾಲು ದೊಡ್ಡದು. ಸಿತಾರನ್ನು ಇಲ್ಲಿ ಬೇರೂರಿಸಿದ ರಹಿಮತ್ ಖಾನರ ಮನೆತನದ ಪಾಲೂ ಹಾಗೆಯೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಮಕ್ಕಳಿಗೆ ಅನ್ನವಿಟ್ಟು ವಿದ್ಯೆ ಕೊಟ್ಟರು. ಅಲ್ಲಿ ಕಲಿತವರು ಹಳ್ಳಿಹಳ್ಳಿಯ ಶಾಲೆ, ಮಠ, ಪುರಾಣ ಪ್ರವಚನಗಳಿಗೆ ಸಂಗೀತ ಒಯ್ದರು. ಹೊಲದ ಕೆಲಸ ಮುಗಿಸಿ ಬಂದವನೂ "ಇದು ಭೀಮಪಲಾಸ್ ಹೌದಲ್ರೀ?" ಎಂದು ಕೇಳುವ ಸೀಮೆ ಹೀಗೆ ತಯಾರಾಯಿತು.

ಚಪ್ಪರದ ಒಳಗೆ, ರಸ್ತೆಯ ಮೇಲೆ

ಬೆಂಗಳೂರಿನ ಕೇಳುಗನ ಪಾಠಶಾಲೆ ಚಪ್ಪರ. ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವಕ್ಕೆ ಕೋಟೆ ಹೈಸ್ಕೂಲಿನ ಮೈದಾನ ಮನೆಯಾಯಿತು. ಬೇಸಿಗೆಯ ಸಂಜೆ, ಪಾನಕ, ಕೋಸಂಬರಿ, ಮರದ ಕುರ್ಚಿಗಳ ಸಾಲು. ಎಂ.ಎಸ್. ಸುಬ್ಬುಲಕ್ಷ್ಮಿಯವರಂಥವರು ಹಾಡಿದ ವೇದಿಕೆ ಇದು. ಟಿಕೆಟ್ ಕೊಂಡವರು ಒಳಗೆ ಕೂತರೆ, ಉಳಿದವರು ಹೊರಗೆ ರಸ್ತೆಬದಿಯಲ್ಲಿ ನಿಂತೇ ಕೇಳಿದರು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಜ್ಜ ಮೊಮ್ಮಗನಿಗೆ ಹೇಳುವ ಸಂಗೀತದ ನೆನಪು ಆ ಫುಟ್‌ಪಾತಿನದ್ದೇ ಆಗಿರುತ್ತದೆ.

ಕರ್ನಾಟಕ ಸಂಗೀತದ ಕಚೇರಿಯಲ್ಲಿ ಪಕ್ಕದವರ ಪಾಠ ಕಣ್ಣಿಗೇ ಕಾಣುತ್ತದೆ. ಆದಿತಾಳವಾದರೆ ತೊಡೆಯ ಮೇಲೆ ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಪೆಟ್ಟು–ಬೀಸು, ಪೆಟ್ಟು–ಬೀಸು. ತನಿ ಆವರ್ತನದಲ್ಲಿ ಮೃದಂಗ ಲೆಕ್ಕವನ್ನು ಎಲ್ಲೆಲ್ಲೋ ಒಯ್ದಾಗ ಹೊಸಬ ದಾರಿತಪ್ಪುತ್ತಾನೆ. ಆಗ ಅವನ ಕಣ್ಣು ಪಕ್ಕದ ಅಜ್ಜಿಯ ಕೈಮೇಲೆ ಹೋಗುತ್ತದೆ. ಅಜ್ಜಿಯ ಕೈ ತಪ್ಪುವುದಿಲ್ಲ. ಮೋರಾ ಮುಗಿದು ಎಡುಪಿಗೆ ಬಂದು ಬಿದ್ದಾಗ ಅಜ್ಜಿ ಇವನತ್ತ ತಿರುಗಿ ನಗುತ್ತಾಳೆ. ಯಾವ ಪಠ್ಯಪುಸ್ತಕವೂ ಕೊಡದ ಪಾಠ ಅದು.

ಬೆಂಗಳೂರಿನ ಗಾಯನ ಸಮಾಜಕ್ಕೆ 1905ರಿಂದ ಬಾಳುವೆ. ಮೈಸೂರಿನ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ಬೀದಿಗೆ ಬೀದಿಯೇ ಸಭಾಂಗಣ. ಇವೆಲ್ಲವೂ ನಿಂತಿರುವುದು ವರ್ಷವರ್ಷವೂ ತಪ್ಪದೆ ಬಂದು ಅದೇ ಜಾಗದಲ್ಲಿ ಕೂರುವವರ ಮೇಲೆ.

ಬೇಸ್ ಕೇಳಿ, ಮಾಮ

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಬೆಳೆದವಳು. ಗಿಟಾರು, ಡ್ರಮ್ಮಿನ ಸಂಗೀತ ಅವಳದು. ಒಂದು ಸಂಜೆ ನನ್ನನ್ನು ಎಳೆದುಕೊಂಡು ಹೋದಳು. ಚಿಕ್ಕ ಜಾಗ, ನಿಂತೇ ಕೇಳಬೇಕು, ಸದ್ದು ಎದೆಗೇ ಬಡಿಯುತ್ತಿತ್ತು. ನಾನು ಹಿಂದೆ ಸರಿಯುವುದನ್ನು ನೋಡಿ ಕಿವಿಯ ಹತ್ತಿರ ಬಂದು ಅಂದಳು: "ಹಾಡೋರನ್ನ ಬಿಡಿ ಮಾಮ, ಕೆಳಗಡೆ ಬೇಸ್ ಏನ್ ಮಾಡ್ತಿದೆ ಅಂತ ಅದನ್ನೇ ಕೇಳಿ."

ಕೇಳಿದೆ. ಸದ್ದಿನ ರಾಶಿ ಬಿಡಿಸಿಕೊಂಡಿತು. ತಳದಲ್ಲಿ ಒಂದು ನಡಿಗೆ, ಅದರ ಮೇಲೆ ಉಳಿದದ್ದೆಲ್ಲ. ಕುಂದಗೋಳದ ಆ ಹಿರಿಯರ ಬೆರಳು ಮಾಡಿದ ಕೆಲಸವನ್ನೇ ಇಪ್ಪತ್ತರ ಹುಡುಗಿಯ ಒಂದು ಮಾತು ಮಾಡಿತು.

ಬೆಂಗಳೂರಿನ ಈ ಇನ್ನೊಂದು ಸಂಗೀತಕ್ಕೂ ಆಳವಾದ ಬೇರಿದೆ. 1996ರಿಂದ ಸ್ವಾತಂತ್ರ್ಯ ದಿನದ ಹೊತ್ತಿಗೆ ನಡೆದುಬಂದ ಫ್ರೀಡಂ ಜಾಮ್ ಹೊಸ ಬ್ಯಾಂಡುಗಳಿಗೆ ವೇದಿಕೆ ಕೊಟ್ಟಿತು. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಹುಟ್ಟಿದ್ದೂ ಅದೇ ವರ್ಷ. 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ದೇಶದ ಮೂಲೆಮೂಲೆಯಿಂದ ಹುಡುಗರು ಈ ಊರಿಗೆ ಬಂದಿಳಿದರು. ರಘು ದೀಕ್ಷಿತ್ ಶಿಶುನಾಳ ಷರೀಫರ (1819–1889) ಪದಗಳನ್ನು ಗಿಟಾರಿಗೆ ಹೊಂದಿಸಿ ಹಾಡಿದ ಮೇಲೆ, ಅದುವರೆಗೆ ತತ್ವಪದ ಕೇಳದ ನಗರದ ಮಕ್ಕಳು ಷರೀಫರು ಯಾರೆಂದು ಹಿರಿಯರನ್ನು ಕೇಳತೊಡಗಿದರು. ಶಿಶುನಾಳ ಕುಂದಗೋಳಕ್ಕೆ ಬಹಳ ದೂರವಿಲ್ಲ. ಏಕತಾರಿ, ದಮ್ಮಡಿ ಹಿಡಿದ ಭಜನಾ ಮಂಡಳಿಯವರು ಅದೇ ಪದಗಳನ್ನು ಆ ಸೀಮೆಯಲ್ಲಿ ಇಂದಿಗೂ ಹಾಡುತ್ತಾರೆ.

ಹೊಸದಾಗಿ ಹೊರಟವರಿಗೆ

• ಒಬ್ಬರೇ ಹೋಗಬೇಡಿ. ನಿಮಗಿಂತ ಹೆಚ್ಚು ಕೇಳಿದವರೊಬ್ಬರ ಜೊತೆ ಹೋಗಿ. ಮುಂದಿನ ವರ್ಷ ನಿಮಗಿಂತ ಕಡಿಮೆ ಕೇಳಿದವರನ್ನು ಕರೆದುಕೊಂಡು ಹೋಗಿ.

• ಫೋನು ಜೇಬಿನಲ್ಲಿರಲಿ. ಪರದೆಯ ಮೇಲೆ ಕಣ್ಣಿಟ್ಟವನ ಕಿವಿ ಅರ್ಧ ಮುಚ್ಚಿರುತ್ತದೆ, ಹಿಂದೆ ಕೂತವರಿಗೂ ಆ ಬೆಳಕು ಕಾಟ.

• ರಾಗದ ಹೆಸರು ತಿಳಿಯದಿದ್ದರೆ ನಾಚಿಕೆ ಬೇಡ. ಹಾಡು ಮುಗಿದ ಮೇಲೆ ಪಕ್ಕದವರನ್ನು ಕೇಳಿ. ಹೇಳುವುದಕ್ಕೆ ಅವರೂ ಕಾಯುತ್ತಿರುತ್ತಾರೆ.

• ಹೆಸರಾದವರನ್ನಷ್ಟೇ ಹುಡುಕಿಕೊಂಡು ಹೋಗಬೇಡಿ. ಮೊದಲು ಹಾಡುವ ಎಳೆಯ ಕಲಾವಿದರ ಎದುರಿಗೂ ಹತ್ತು ಮುಖ ಇರಲಿ.

ಮತ್ತೆ ವಾಡೆಯಲ್ಲಿ

ಬೇಸ್ ಕೇಳಿಸಿದವಳ ಋಣ ತೀರಿಸಬೇಕಿತ್ತು. ಅವಳನ್ನು ಕುಂದಗೋಳಕ್ಕೆ ಕರೆದುಕೊಂಡು ಹೋದೆ. ಗಿರ್ಮಿಟ್ಟು, ಮಿರ್ಚಿ ತಿಂದು, ಚಹಾ ಕುಡಿದು ಜಮಖಾನೆಯ ಮೇಲೆ ಕೂತೆವು. ಎರಡು ಗಂಟೆಯವರೆಗೆ ಎಚ್ಚರವಿದ್ದಳು. ಜಯಜಯವಂತಿ ಅವಳಿಗೆ ಹಿಡಿಸಿತು. ಆಮೇಲೆ ನನ್ನ ಶಾಲು ಹೊದ್ದು, ನಾನು ಹಿಂದೆ ನಿದ್ದೆಹೋದಂತೆಯೇ ಗೋಡೆಗೆ ಒರಗಿ ನಿದ್ದೆಹೋದಳು.

ಬೆಳಗಿನ ಜಾವ ತಂಬೂರಿಗಳು ಮತ್ತೆ ಶ್ರುತಿಗೆ ಕೂತವು. ಮೊದಲ ಆಲಾಪದಲ್ಲೇ ಲಲಿತ ಎಂದು ಗೊತ್ತಾಯಿತು. ಎಬ್ಬಿಸಲು ಕೈ ಚಾಚಿದೆ. ಅಷ್ಟರಲ್ಲಿ ಅವಳೇ ಕಣ್ಣುಬಿಟ್ಟಳು. ಹಾಡುಗಾರರನ್ನು ನೋಡಲಿಲ್ಲ. ಹಿಂದೆ ಕೂತು ತಂಬೂರಿ ಮೀಟುತ್ತಿದ್ದವರ ಬೆರಳುಗಳನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಣೆ ಗಂಟಿಕ್ಕಿತ್ತು.

"ಮಾಮ," ಅಂದಳು, "ತಂಬೂರಿಯಲ್ಲಿ ಪಂಚಮ ಇತ್ತಲ್ಲ? ಅದೆಲ್ಲಿ ಹೋಯ್ತು?"

ಲಲಿತದಲ್ಲಿ ಪಂಚಮವಿಲ್ಲ, ಆದ್ದರಿಂದ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸಿರುತ್ತಾರೆ. ಅದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ತಳದ ಸದ್ದನ್ನೇ ಹಿಡಿಯುವುದನ್ನು ಕಲಿತ ಕಿವಿ ನಿದ್ದೆಯಿಂದೆದ್ದ ಗಳಿಗೆಯಲ್ಲೇ ಅದನ್ನು ಕಂಡುಹಿಡಿದಿತ್ತು. ಉತ್ತರ ಹೇಳಲು ಬಾಯಿ ತೆರೆದೆ. ಅದಕ್ಕೂ ಮುಂಚೆ ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಹಿಂದಕ್ಕೆ ತಿರುಗಿ, ಅವಳನ್ನು ತಮ್ಮ ಪಕ್ಕಕ್ಕೆ ಕರೆದರು: "ಇಲ್ಲಿ ಬಾ ನನ್ನವ್ವಾ, ಹೇಳ್ತೀನಿ."