ತೋಟದ ಕಾಗದಪತ್ರಕ್ಕೆ ಮನೆಯಲ್ಲೊಂದು ಸಾಮಾನ್ಯ ಉಗ್ರಾಣ

ಆಳುಗಳ ಹಾಜರಿ, ಹೂಮಳೆಯ ಲೆಕ್ಕ, ಅಡಿಕೆ ಬಿಕರಿ ಪಟ್ಟಿ, ಕಾಫಿ ಕ್ಯೂರಿಂಗಿನ ರಸೀದಿ, ಪಹಣಿಯ ನಕಲು: ಇವೆಲ್ಲ ಈಗ ಅನೇಕ ಬೆಳೆಗಾರರ ಮನೆಗಳಲ್ಲಿ ಕಂಪ್ಯೂಟರನ್ನು ಸೇರಿವೆ. ಆದರೆ ಒಂದು ಮಗನ ಲ್ಯಾಪ್‌ಟಾಪಿನಲ್ಲಿ, ಮತ್ತೊಂದು ಯಜಮಾನರ ಮೊಬೈಲಿನಲ್ಲಿ ಉಳಿದು, ಸಾಲ ನವೀಕರಣದ ಹೊತ್ತಿಗೆ ಯಾವುದೂ ಕೈಗೆ ಸಿಗದಂತಾಗುವುದುಂಟು.

ಇದಕ್ಕೆ 'ನಾಸ್' ಎಂಬ ಪುಟ್ಟ ಪೆಟ್ಟಿಗೆ ಉಪಯುಕ್ತವಾದುದು. ಅದರೊಳಗೆ ಒಂದೆರಡು ಹಾರ್ಡ್ ಡಿಸ್ಕುಗಳಿರುತ್ತವೆ. ಮನೆಯ ರೂಟರಿಗೆ ತಂತಿಯಿಂದ ಜೋಡಿಸಿದರೆ ಎಲ್ಲ ಕಂಪ್ಯೂಟರುಗಳಿಗೂ ಅದೇ ಸಾಮಾನ್ಯ ಉಗ್ರಾಣ.

ಜೋಡಿಸುವ ಕ್ರಮ

ಮೊದಲು ಪೆಟ್ಟಿಗೆಯಲ್ಲಿ ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಹೆಸರು, ಪಾಸ್‌ವರ್ಡ್ ಕೊಡತಕ್ಕದ್ದು. ಪೆಟ್ಟಿಗೆಯ ವಿಳಾಸ ದಿನಕ್ಕೊಂದಾಗದಂತೆ ರೂಟರಿನಲ್ಲಿ ಸ್ಥಿರಪಡಿಸಬೇಕು. ಅನಂತರ ವಿಂಡೋಸ್ ಕಂಪ್ಯೂಟರಿನಲ್ಲಿ 'ದಿಸ್ ಪಿಸಿ' ತೆರೆದು, 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಒತ್ತಿ, 'ಝಡ್' ಅಕ್ಷರವನ್ನು ಆರಿಸಿಕೊಳ್ಳಿ. ವಿಳಾಸದ ಜಾಗದಲ್ಲಿ \\192.168.1.20\ಲೆಕ್ಕ ಎಂಬ ಮಾದರಿಯಲ್ಲಿ ತಮ್ಮ ಪೆಟ್ಟಿಗೆಯ ಅಂಕಿ ಮತ್ತು ಫೋಲ್ಡರಿನ ಹೆಸರನ್ನು ಬರೆಯಿರಿ. 'ರೀಕನೆಕ್ಟ್ ಅಟ್ ಸೈನ್-ಇನ್' ಎಂಬಲ್ಲಿ ಗುರುತು ಹಾಕಿದರೆ ಪ್ರತಿದಿನ ಮತ್ತೆ ಜೋಡಿಸುವ ಶ್ರಮವಿಲ್ಲ.

ಆಗ ಕೇಳುವ ಹೆಸರು, ಪಾಸ್‌ವರ್ಡ್ ಪೆಟ್ಟಿಗೆಯದು; ಕಂಪ್ಯೂಟರಿನದಲ್ಲ. ಬಾಗಿಲು ತೆರೆಯದಿರಲು ಬಹುಮಟ್ಟಿಗೆ ಇದೇ ಕಾರಣ.

ಹಳೆಯ ಪೆಟ್ಟಿಗೆಯಾದರೆ 'ಎಸ್‌ಎಂಬಿ 1' ಎಂಬ ಹಳೆಯ ಪದ್ಧತಿಯನ್ನು ಕೇಳಬಹುದು. ಅದನ್ನು ಚಾಲೂ ಮಾಡುವುದು ಸರ್ವಥಾ ಬೇಡ. 2017ರ ಮೇ 12ರಂದು ಹಬ್ಬಿದ 'ವನ್ನಾಕ್ರೈ' ಪಿಡುಗು ನುಗ್ಗಿದ್ದು ಆ ಪದ್ಧತಿಯ ದೋಷದಿಂದಲೇ. ಇಂಗ್ಲೆಂಡಿನ ಆಸ್ಪತ್ರೆಗಳ ಕೆಲಸವೂ ಆಗ ನಿಂತಿತ್ತು. ದೋಷ ಸರಿಪಡಿಸುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಕೆಟ್ಟರು. ಆದ್ದರಿಂದ ಪೆಟ್ಟಿಗೆಯ ತಂತ್ರಾಂಶವನ್ನೂ ವಿಂಡೋಸನ್ನೂ ಕಾಲಕಾಲಕ್ಕೆ ನವೀಕರಿಸಬೇಕು.

ಹೊರಗಿನಿಂದ ನೋಡುವುದಾದರೆ

ಬೆಂಗಳೂರಿನಲ್ಲಿರುವ ಮಕ್ಕಳೂ ಲೆಕ್ಕ ನೋಡಲೆಂದು ರೂಟರಿನ 445ನೆಯ ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆದಿಡುವುದು ತೋಟದ ಗೇಟಿಗೆ ಬೀಗ ಹಾಕದೆ ಮಲಗಿದಂತೆಯೇ. ಪೆಟ್ಟಿಗೆಯ ನಿರ್ವಹಣಾ ಪುಟವನ್ನೂ ಹಾಗೆ ತೆರೆಯಬಾರದು. ಇಂಟರ್‌ನೆಟ್ಟಿಗೆ ತೆರೆದುಕೊಂಡಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳ ಫೈಲುಗಳಿಗೆ 2021ರಲ್ಲಿ 'ಕ್ಯೂಲಾಕರ್', 2022ರಲ್ಲಿ 'ಡೆಡ್‌ಬೋಲ್ಟ್' ಬೀಗ ಜಡಿದು ಹಣ ಕೇಳಿದವು. ದೂರದಿಂದ ನೋಡಬೇಕಾದರೆ 'ವಿಪಿಎನ್' ಎಂಬ ಖಾಸಗಿ ದಾರಿಯೇ ಯೋಗ್ಯ.

ಎರಡನೆಯ ಪ್ರತಿ

ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳಿದ್ದ ಮಾತ್ರಕ್ಕೆ ನಿಶ್ಚಿಂತೆ ಸಲ್ಲದು. ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುವುದು ನಿಜ. ಆದರೆ ತಪ್ಪಿ ಅಳಿಸಿದ ಫೈಲು ಎರಡರಿಂದಲೂ ಅಳಿಯುತ್ತದೆ. ಲ್ಯಾಪ್‌ಟಾಪಿಗೆ ಹೊಕ್ಕ ವೈರಸ್ 'ಝಡ್' ಡ್ರೈವಿಗೂ ಹೋಗಬಲ್ಲದು. ತಿಂಗಳಿಗೊಮ್ಮೆ ಬೇರೊಂದು ಯುಎಸ್‌ಬಿ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ, ಅದನ್ನು ಕಳಚಿ, ಸಾಧ್ಯವಾದರೆ ಬೇರೆ ಮನೆಯಲ್ಲಿಡಿ. ಮಲೆನಾಡಿನ ಗುಡುಗು ಸಿಡಿಲಿನ ದಿನಗಳಲ್ಲಿ ಪೆಟ್ಟಿಗೆಯ ವಿದ್ಯುತ್ ಪ್ಲಗ್ಗನ್ನೂ ರೂಟರಿನ ತಂತಿಯನ್ನೂ ಎರಡನ್ನೂ ಬಿಡಿಸಿಡುವುದು ಕ್ಷೇಮ.

ಫಸಲು ಹೋದರೆ ಮುಂದಿನ ವರ್ಷ ಬಂದೀತು. ಹತ್ತು ವರ್ಷದ ಮಳೆ ಲೆಕ್ಕ ಹೋದರೆ ಬಾರದು. ಸದಸ್ಯ ಬಾಂಧವರು ಪೆಟ್ಟಿಗೆ ಕೊಳ್ಳುವ ದಿನವೇ ನಕಲಿನ ಡಿಸ್ಕನ್ನೂ ಕೊಳ್ಳುವುದು ಉಚಿತ.