ಆಚಾರ್ಯ ಕೃಪಲಾನಿಯವರ ಅವಿಶ್ವಾಸ

ಸ್ವಾತಂತ್ರ್ಯ ಬಂದು ಹದಿನಾರು ವರ್ಷಗಳು ಸಂದಿದ್ದುವು; ಮೂರು ಮಹಾಚುನಾವಣೆಗಳು ನಡೆದು ಮೂರರಲ್ಲಿಯೂ ಒಂದೇ ಪಕ್ಷವು ನಿರಾಯಾಸವಾದ ಬಹುಮತವನ್ನು ಪಡೆದಿತ್ತು; ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕದ್ದೆಂದು ಸಂವಿಧಾನದ 75ನೆಯ ಅನುಚ್ಛೇದವು ವಿಧಿಸಿದ್ದರೂ, ಆ ಹೊಣೆಯನ್ನು ಹೆಸರಿಟ್ಟು ಕರೆದು, ‘ನಿಮ್ಮಲ್ಲಿ ನಮಗೆ ವಿಶ್ವಾಸವಿಲ್ಲ’ ಎಂದು ಸರ್ಕಾರದ ಮುಖಕ್ಕೆ ನಿಯಮಬದ್ಧವಾಗಿ ಹೇಳುವ ಸಾಹಸವನ್ನು ಅದುವರೆಗೆ ಆ ಸದನದಲ್ಲಿ ಯಾರೂ ಕೈಗೊಂಡಿರಲಿಲ್ಲ. 1963ರ ಆಗಸ್ಟ್ 19ರಂದು ಅದನ್ನು ಕೈಗೊಂಡವರು ಯಾವ ವಿರೋಧಪಕ್ಷದ ನಾಯಕರೂ ಅಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ ಉತ್ತರಪ್ರದೇಶದ ಅಮ್ರೋಹಾ ಕ್ಷೇತ್ರದ ಉಪಚುನಾವಣೆಯಲ್ಲಿ, ಕೇಂದ್ರ ಸಚಿವರೇ ಆಗಿದ್ದ ಹಾಫಿಜ್ ಮೊಹಮ್ಮದ್ ಇಬ್ರಾಹಿಂ ಅವರನ್ನು ಸೋಲಿಸಿ ಬಂದ ಪಕ್ಷೇತರ ಸದಸ್ಯರು, ಎಪ್ಪತ್ತನಾಲ್ಕು ವರ್ಷ ವಯಸ್ಸಿನ ಆಚಾರ್ಯ ಜೆ. ಬಿ. ಕೃಪಲಾನಿ.

ಅವರು ಪಕ್ಷೇತರರಾದುದು ಪಕ್ಷಜೀವನದ ಪರಿಚಯವಿಲ್ಲದುದರಿಂದಲ್ಲ, ಅತಿಪರಿಚಯದಿಂದ. ಸಿಂಧದ ಹೈದರಾಬಾದಿನಲ್ಲಿ 1888ರಲ್ಲಿ ಜನಿಸಿ, ಬಿಹಾರದ ಮುಜಫರಪುರದಲ್ಲಿ ಕಾಲೇಜು ಅಧ್ಯಾಪಕರಾಗಿದ್ದಾಗ, ಚಂಪಾರಣ್ಯದ ರೈತರ ಸಂಕಟವನ್ನು ಕಾಣಹೊರಟ ಗಾಂಧಿಯವರನ್ನು 1917ರಲ್ಲಿ ಅಲ್ಲಿಯ ರೈಲು ನಿಲ್ದಾಣದಲ್ಲಿ ವಿದ್ಯಾರ್ಥಿಗಳೊಡನೆ ಎದುರುಗೊಂಡು, ಅಂದಿನಿಂದ ಆ ದಾರಿಯನ್ನೇ ಹಿಡಿದು, ಗುಜರಾತ್ ವಿದ್ಯಾಪೀಠದ ಮುಖ್ಯಸ್ಥರಾಗಿ ‘ಆಚಾರ್ಯ’ರೆನಿಸಿಕೊಂಡು, 1934ರಿಂದ ಒಂದು ದಶಕಕ್ಕೂ ಮೀರಿ ಕಾಂಗ್ರೆಸ್ಸಿನ ಪ್ರಧಾನ ಕಾರ್ಯದರ್ಶಿಯಾಗಿದ್ದು, 1946ರಲ್ಲಿ ಅದರ ಅಧ್ಯಕ್ಷಪೀಠವನ್ನೇರಿದವರು ಅವರು. ಅಧಿಕಾರದಲ್ಲಿ ಕುಳಿತ ಕಾಂಗ್ರೆಸ್ಸಿಗರು ಕಾಂಗ್ರೆಸ್ ಸಂಸ್ಥೆಯನ್ನು ವಿಶ್ವಾಸಕ್ಕೆ ತೆಗೆದುಕೊಳ್ಳುತ್ತಿಲ್ಲವೆಂಬ ಕಾರಣಕ್ಕಾಗಿ 1947ರ ನವೆಂಬರಿನಲ್ಲಿಯೇ ಆ ಪೀಠವನ್ನು ಬಿಟ್ಟಿಳಿದರು. ಸರ್ಕಾರವು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಯನ್ನು ಅಂದು ಮನೆಯೊಳಗಿದ್ದು ಕೇಳಿದವರು, ಹದಿನಾರು ವರ್ಷಗಳ ಬಳಿಕ ಅದನ್ನೇ ಹೊರಗೆ ನಿಂತು ಕೇಳಿದರೆಂದು ಹೇಳಿದರೆ ಅವರ ರಾಜಕೀಯ ಜೀವನದ ಸೂತ್ರವನ್ನು ಹೇಳಿದಂತೆಯೇ. ನಡುವೆ ಕಿಸಾನ್ ಮಜ್ದೂರ್ ಪ್ರಜಾ ಪಕ್ಷವನ್ನು ಕಟ್ಟಿದರು. ಅದು ಸಮಾಜವಾದಿಗಳೊಡನೆ ಕೂಡಿ ಪ್ರಜಾ ಸಮಾಜವಾದಿ ಪಕ್ಷವಾಯಿತು. ಕೊನೆಗೆ ಅದನ್ನೂ ತೊರೆದರು. ಸ್ವಭಾವತಃ ಅವರು ಯಾವ ಪಂಕ್ತಿಯಲ್ಲಿಯೂ ಬಹುಕಾಲ ಕುಳಿತು ಉಣ್ಣುವವರಾಗಿರಲಿಲ್ಲ.

ವಿದೇಶಾಂಗ ನೀತಿಯ ಮೇಲೆ ಅವರು ನಡೆಸಿದ ಪ್ರಹಾರ ಹಳೆಯದು. ಟಿಬೆಟ್ಟಿನ ಸ್ವಾತಂತ್ರ್ಯವು ಅಳಿದುದಕ್ಕೆ ನಮ್ಮ ಸಮ್ಮತಿಯ ಮುದ್ರೆಯನ್ನು ಒತ್ತಿಯೇ ಚೀನಾದೊಡನೆಯ ಪಂಚಶೀಲ ಒಪ್ಪಂದವು ಹುಟ್ಟಿತಾದುದರಿಂದ ಅದರ ಜನ್ಮದಲ್ಲಿಯೇ ಪಾಪವಿದೆಯೆಂದು ಅವರು ಲೋಕಸಭೆಯಲ್ಲಿ ಹೇಳಿದಾಗ, ಪಂಚಶೀಲವು ಇನ್ನೂ ರಾಷ್ಟ್ರದ ಹೆಮ್ಮೆಯ ಮಾತಾಗಿತ್ತು. 1961ರ ಏಪ್ರಿಲ್ 11ರಂದು ರಕ್ಷಣಾ ಸಚಿವ ಕೃಷ್ಣ ಮೆನನ್ ಅವರನ್ನು ಕುರಿತು, ಬಡದೇಶದ ಹಣವನ್ನು ಪೋಲುಮಾಡಿದರು, ಸೇನೆಯಲ್ಲಿ ಗುಂಪುಗಳನ್ನು ಕಟ್ಟಿದರು, ಸೈನಿಕರ ಮನೋಧೈರ್ಯವನ್ನು ಕುಗ್ಗಿಸಿದರು ಎಂಬ ಆರೋಪಗಳನ್ನು ಮುಂದಿಟ್ಟು ಅವರು ಮಾಡಿದ ಭಾಷಣವು ಆ ಕಾಲದ ಅತ್ಯಂತ ತೀಕ್ಷ್ಣವಾದ ಭಾಷಣಗಳಲ್ಲಿ ಒಂದು. ಮರುವರ್ಷ ಉತ್ತರ ಮುಂಬಯಿಯಲ್ಲಿ ಮೆನನ್ನರ ಎದುರಿಗೇ ಪಕ್ಷೇತರರಾಗಿ ನಿಂತು 1 ಲಕ್ಷ 40 ಸಾವಿರಕ್ಕೂ ಮಿಕ್ಕ ಮತಗಳ ಅಂತರದಿಂದ ಸೋತರು. ಅದೇ ವರ್ಷದ ಅಕ್ಟೋಬರಿನಲ್ಲಿ ಚೀನಾದ ಸೈನ್ಯವು ಗಡಿಯನ್ನು ದಾಟಿತು. ನವೆಂಬರಿನಲ್ಲಿ ಮೆನನ್ ಮಂತ್ರಿಮಂಡಲದಿಂದ ನಿರ್ಗಮಿಸಿದರು. ಮತದಾರರು ತಳ್ಳಿಹಾಕಿದ್ದ ವಾದಕ್ಕೆ ಹಿಮಾಲಯದ ಇಳಿಜಾರುಗಳಲ್ಲಿ ಸಿಕ್ಕಿದ ಸಮರ್ಥನೆಯು ಯಾವ ದೇಶಾಭಿಮಾನಿಗೂ ಸಂತೋಷವನ್ನು ಕೊಡತಕ್ಕದ್ದಾಗಿರಲಿಲ್ಲ.

ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತೂ ಉಂಟು. ರಕ್ಷಣೆಯಲ್ಲಿ ಸರ್ಕಾರ ವಿಫಲವಾಯಿತೆಂದು 1963ರಲ್ಲಿ ದೂಷಿಸಿದ ಈ ಗಾಂಧೀವಾದಿಯೇ 1950ರ ದಶಕದಲ್ಲಿ, ಅಹಿಂಸೆಯ ಹೆಸರಿನಲ್ಲಿ ಸ್ವಾತಂತ್ರ್ಯ ಗಳಿಸಿದ ದೇಶವು ಸೇನಾವೆಚ್ಚವನ್ನು ವರ್ಷವರ್ಷವೂ ಏರಿಸುತ್ತಿದೆಯಲ್ಲಾ ಎಂದು ಸದನದಲ್ಲಿ ವ್ಯಥೆಪಟ್ಟಿದ್ದರು. ಪಕ್ಷದ ಶಿಸ್ತಿಗೆ ಒಳಪಡದವನಿಗೆ ಪಕ್ಷದ ಸ್ಮೃತಿಯೂ ಇರುವುದಿಲ್ಲ. ನಿನ್ನೆಯ ಮಾತಿಗೂ ಇಂದಿನ ಮಾತಿಗೂ ನಂಟು ಕೂಡಿಸುವ ಭಾರವನ್ನು ಅವನೊಬ್ಬನೇ ಹೊರಬೇಕು. ಆಚಾರ್ಯರು ಅದನ್ನು ಯಾವಾಗಲೂ ಹೊತ್ತರೆಂದು ನನಗೆ ತೋರುವುದಿಲ್ಲ.

ಅವಿಶ್ವಾಸ ನಿರ್ಣಯವನ್ನು ಸೂಚಿಸುವುದು ಒಬ್ಬನ ಹಕ್ಕು. ಆದರೆ ಅದು ಚರ್ಚೆಗೆ ಬರಬೇಕಾದರೆ ಐವತ್ತು ಮಂದಿ ಸದಸ್ಯರು ತಮ್ಮ ಸ್ಥಾನಗಳಲ್ಲಿ ಎದ್ದು ನಿಲ್ಲಬೇಕೆಂಬುದು ಲೋಕಸಭೆಯ ನಿಯಮ. 1962ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 361 ಸ್ಥಾನಗಳು ಬಂದಿದ್ದುವು. ಉಳಿದವರಲ್ಲಿ ಕಮ್ಯೂನಿಸ್ಟರು, ಸ್ವತಂತ್ರ ಪಕ್ಷದವರು, ಜನಸಂಘದವರು, ಎರಡು ಬಗೆಯ ಸಮಾಜವಾದಿಗಳು, ದ್ರಾವಿಡ ಮುನ್ನೇತ್ರ ಕಳಗದವರು ಎಲ್ಲರೂ ಇದ್ದರು. ಭೂಮಿಯ ಹಂಚಿಕೆಯಿಂದ ಹಿಡಿದು ಅಮೆರಿಕದ ಮೈತ್ರಿಯವರೆಗೆ ಯಾವ ವಿಷಯದಲ್ಲಿಯೂ ಇವರು ಏಕಮತರಲ್ಲ. ಇವರಲ್ಲಿ ಯಾವ ನಾಯಕನು ನಿರ್ಣಯವನ್ನು ಮಂಡಿಸಿದರೂ ಉಳಿದವರಿಗೆ ಅದು ಆ ಪಕ್ಷದ ಬಾವುಟದಂತೆ ಕಾಣದಿರುತ್ತಿರಲಿಲ್ಲ. ಯಾವ ಪಕ್ಷಕ್ಕೂ ಸೇರದ ವೃದ್ಧರೊಬ್ಬರು, ಅದರಲ್ಲಿಯೂ ಗಾಂಧಿಯವರ ಸಹಚರರು, ಅದನ್ನು ಮಂಡಿಸಿದಾಗ ಮಾತ್ರ ಅಷ್ಟು ಮಂದಿ ಒಮ್ಮೆಗೇ ಏಳುವುದು ಸಾಧ್ಯವಾಯಿತು. ಪಕ್ಷೇತರನ ಬಲವನ್ನು ಅವನ ಒಂದು ಮತದಿಂದ ಅಳೆಯುವವರು ಗಮನಿಸಬೇಕಾದ ಸಂಗತಿ ಇದು: ಯಾರಿಗೂ ಸೇರದವನಾದುದರಿಂದಲೇ ಅವನು ಹಲವರ ಮಾತನ್ನು ಆಡಬಲ್ಲನು.

ಸರ್ದಾರ್ ಹುಕಮ್ ಸಿಂಗರ ಅಧ್ಯಕ್ಷತೆಯಲ್ಲಿ ಚರ್ಚೆಯು ನಾಲ್ಕು ದಿನ, ಇಪ್ಪತ್ತೊಂದು ಗಂಟೆಗೂ ಹೆಚ್ಚು ಕಾಲ ನಡೆಯಿತು. ಗಡಿಯ ಸೋಲು, ಬೆಲೆಗಳ ಏರಿಕೆ, ಕಡ್ಡಾಯ ಠೇವಣಿಯ ಯೋಜನೆ, ಹದಿನಾಲ್ಕು ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಒಡವೆಗಳನ್ನು ನಿಷೇಧಿಸಿ ಅಕ್ಕಸಾಲಿಗರ ಕುಲುಮೆಯನ್ನು ಆರಿಸಿದ ಚಿನ್ನ ನಿಯಂತ್ರಣದ ಆಜ್ಞೆ, ಅಧಿಕಾರದಲ್ಲಿದ್ದವರ ಭ್ರಷ್ಟಾಚಾರ, ಎಲ್ಲವೂ ಆ ದಿನಗಳ ದೂರುಗಳು. ಅದೇ ಬೇಸಗೆಯಲ್ಲಿ ಫರೂಕಾಬಾದಿನಿಂದ ಆಯ್ಕೆಯಾಗಿ ಬಂದಿದ್ದ, ಹಿಂದೆ 1951ರಲ್ಲಿ ನಮ್ಮ ಕಾಗೋಡು ಸತ್ಯಾಗ್ರಹಕ್ಕಾಗಿ ಬಂದು ಬಂಧಿತರಾಗಿದ್ದ ರಾಮಮನೋಹರ ಲೋಹಿಯಾ, ಈ ನಿರ್ಣಯದ ಅವಕಾಶದಲ್ಲಿಯೇ, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿರುವಾಗ ಪ್ರಧಾನಿಯ ಮೇಲಿನ ದಿನದ ವೆಚ್ಚ 25,000 ರೂಪಾಯಿಗಳೆಂದು ಹೇಳಿ ಸದನವನ್ನು ಬೆಚ್ಚಿಸಿದರು. ಮೂರಾಣೆಯಲ್ಲ, ಹದಿನೈದಾಣೆಯೆಂದು ಸರ್ಕಾರದ ಪಕ್ಷ ವಾದಿಸಿತು. ಆ ಲೆಕ್ಕಕ್ಕಾಗಿಯೇ ಸೆಪ್ಟೆಂಬರಿನಲ್ಲಿ ಪ್ರತ್ಯೇಕವಾದ ಚರ್ಚೆ ನಡೆಯಬೇಕಾಯಿತು. ಬಡವನ ದಿನದ ಆದಾಯವೆಷ್ಟೆಂಬುದನ್ನು ಆಣೆಗಳಲ್ಲಿ ಲೆಕ್ಕಹಾಕಲು ಸಂಸತ್ತು ಕುಳಿತುದೇ ಆ ನಿರ್ಣಯದ ಸಾರ್ಥಕ್ಯವೆಂದು ನಾನು ಭಾವಿಸುತ್ತೇನೆ. ಮಿಕ್ಕ ಭಾಷಣಗಳಲ್ಲಿ ಬಹುಪಾಲು ಇಂದು ಮರೆತುಹೋಗಿವೆ.

ಎದುರಿನ ಪೀಠದಲ್ಲಿ ಕುಳಿತಿದ್ದವರು ಜವಾಹರಲಾಲ್ ನೆಹರೂ. 1942ರ ಬಳಿಕ ಅಹಮದ್‌ನಗರದ ಕೋಟೆಯಲ್ಲಿ ಇವರಿಬ್ಬರೂ ಒಂದೇ ಪ್ರಾಕಾರದೊಳಗೆ ಸೆರೆಯಲ್ಲಿದ್ದವರು. ಇಷ್ಟು ಸಾಲದೆಂಬಂತೆ, ಕಾಂಗ್ರೆಸ್ ಸರ್ಕಾರದ ಮೇಲೆ ಅವಿಶ್ವಾಸವನ್ನು ಸೂಚಿಸಿದ ಆಚಾರ್ಯರ ಪತ್ನಿ ಸುಚೇತಾ ಕೃಪಲಾನಿಯವರು ಆಗ ಉತ್ತರಪ್ರದೇಶದ ಕಾಂಗ್ರೆಸ್ ಮಂತ್ರಿಮಂಡಲದಲ್ಲಿ ಸಚಿವೆಯಾಗಿದ್ದರು. ಒಂದೂವರೆ ತಿಂಗಳೊಳಗೆ, ಅಕ್ಟೋಬರ್ 2ರಂದು, ಆ ರಾಜ್ಯದ ಮುಖ್ಯಮಂತ್ರಿಯೂ ಆದರು. ದೇಶದಲ್ಲಿ ಆ ಪದವಿಗೇರಿದ ಪ್ರಥಮ ಮಹಿಳೆ ಆಕೆ. ಒಂದೇ ಮನೆಯಲ್ಲಿ ಆಡಳಿತಪಕ್ಷವೂ ಪಕ್ಷೇತರತ್ವವೂ ಸಾಮರಸ್ಯದಿಂದ ಇದ್ದ ಕಾಲವದು. ಇಂದು ಇಂಥದು ನಡೆದರೆ ಅದರಲ್ಲಿ ಒಳಸಂಚಿನ ವಾಸನೆಯನ್ನು ಹಿಡಿಯುವವರೇ ಹೆಚ್ಚು.

ನೆಹರೂ ಕೊಟ್ಟ ಉತ್ತರವು ಅವರ ಸ್ವಭಾವಕ್ಕೆ ತಕ್ಕುದಾಗಿತ್ತು. ಅವಿಶ್ವಾಸ ನಿರ್ಣಯವೆಂದರೆ ಇರುವ ಸರ್ಕಾರವನ್ನು ಇಳಿಸಿ ಅದರ ಸ್ಥಾನದಲ್ಲಿ ತಾವು ಕುಳಿತುಕೊಳ್ಳುವ ಉದ್ದೇಶದ್ದಾಗಿರಬೇಕು, ಇಲ್ಲಿ ಅಂಥ ನಿರೀಕ್ಷೆಯು ಯಾರಿಗೂ ಇಲ್ಲ ಎಂದು ಎತ್ತಿ ತೋರಿಸಿದರು. ಆದರೂ ಚರ್ಚೆ ಪ್ರಯೋಜನಕರವಾಯಿತೆಂದೂ, ಸರ್ಕಾರಗಳಿಗೆ ಆಗಾಗ ಇಂಥ ಪರೀಕ್ಷೆ ಒದಗುವುದು ಒಳ್ಳೆಯದೆಂದೂ ಸೇರಿಸಿದರು. ಅವರ ಮೊದಲನೆಯ ಆಕ್ಷೇಪವು ತರ್ಕಶುದ್ಧವೇ ಸರಿ. ಆದರೆ ಅದನ್ನು ಒಪ್ಪಿದರೆ ಬಹುಮತವುಳ್ಳ ಸರ್ಕಾರವನ್ನು ಯಾರೂ ಎಂದಿಗೂ ಪ್ರಶ್ನಿಸುವಂತಿಲ್ಲ. ಎರಡನೆಯ ಮಾತೇ ಪ್ರಜಾಪ್ರಭುತ್ವದ ಮಾತು. ಆಗಸ್ಟ್ 22ರಂದು ಮತಗಣನೆಯಾದಾಗ ನಿರ್ಣಯದ ಪರವಾಗಿ 62, ವಿರುದ್ಧವಾಗಿ 347 ಮತಗಳು ಬಂದುವು. ಕಾಂಗ್ರೆಸ್ಸೇತರ ಸದಸ್ಯರಲ್ಲಿ ಅರ್ಧದಷ್ಟು ಮಂದಿಯೂ ಆಚಾರ್ಯರ ಪರವಾಗಿ ಮತ ನೀಡಲಿಲ್ಲವೆಂಬುದನ್ನು ಈ ಅಂಕಿಗಳು ಮರೆಮಾಚದೆ ಹೇಳುತ್ತವೆ. ಎರಡು ದಿನಗಳ ಬಳಿಕ, ಹಿರಿಯ ನಾಯಕರು ಅಧಿಕಾರವನ್ನು ಬಿಟ್ಟು ಪಕ್ಷದ ಕೆಲಸಕ್ಕೆ ಮರಳಬೇಕೆಂಬ ಕಾಮರಾಜ ಯೋಜನೆಯ ಪ್ರಕಾರ, ಆರು ಮಂದಿ ಕೇಂದ್ರ ಸಚಿವರು ಪದವಿಯಿಂದ ಇಳಿದುದು ಪಕ್ಷದ ಆಂತರಿಕ ನಿರ್ಧಾರ; ಅದನ್ನು ನಿರ್ಣಯದ ಫಲವೆನ್ನುವುದು ಉತ್ಪ್ರೇಕ್ಷೆಯಾದೀತು.

ಕಾಲವು ಮುಂದೆ ಹೂಡಿದ ವಿನೋದಗಳು ಬೇರೆ. ಆಚಾರ್ಯರು ಬೆನ್ನಟ್ಟಿದ ಕೃಷ್ಣ ಮೆನನ್ನರೇ ಕಾಂಗ್ರೆಸ್ಸನ್ನು ತೊರೆದು, 1969ರಲ್ಲಿ ಮಿದ್ನಾಪುರದಿಂದಲೂ 1971ರಲ್ಲಿ ತಿರುವನಂತಪುರದಿಂದಲೂ ಪಕ್ಷೇತರರಾಗಿ ಲೋಕಸಭೆಗೆ ಬಂದರು. ಚಿನ್ನ ನಿಯಂತ್ರಣವನ್ನು ತಂದ ಅರ್ಥಸಚಿವ ಮೊರಾರ್ಜಿ ದೇಸಾಯಿಯವರನ್ನು 1977ರಲ್ಲಿ ಪ್ರಧಾನಮಂತ್ರಿಯಾಗಿ ನಿರ್ದೇಶಿಸಿದ ಇಬ್ಬರು ಹಿರಿಯರಲ್ಲಿ ಒಬ್ಬರು ಜಯಪ್ರಕಾಶ ನಾರಾಯಣ, ಇನ್ನೊಬ್ಬರು ಇದೇ ಕೃಪಲಾನಿ.

ಪಕ್ಷೇತರರ ಸಂಖ್ಯೆಯಾದರೋ ಅಂದಿನಿಂದ ಕುಗ್ಗಿದೆ: 1957ರಲ್ಲಿ ಲೋಕಸಭೆಗೆ ಆರಿಸಿ ಬಂದವರು 42 ಮಂದಿ, 2019ರಲ್ಲಿ ನಮ್ಮ ಮಂಡ್ಯದವರೊಬ್ಬರೂ ಸೇರಿ ನಾಲ್ವರು, 2024ರಲ್ಲಿ ಏಳು. ಚರ್ಚೆಯ ಕಾಲವನ್ನು ಪಕ್ಷಗಳ ಸಂಖ್ಯಾಬಲಕ್ಕೆ ಅನುಗುಣವಾಗಿ ಹಂಚುವ ಪದ್ಧತಿಯಲ್ಲಿ ಇಂಥವರ ಪಾಲಿಗೆ ಬರುವುದು ಕೆಲವೇ ನಿಮಿಷಗಳು. 1985ರ ಪಕ್ಷಾಂತರ ನಿಷೇಧ ಕಾಯಿದೆಯ ಬಳಿಕ, ಪಕ್ಷದ ಚೀಟಿಯ ಮೇಲೆ ಗೆದ್ದವನು ವಿಪ್ಪನ್ನು ಮೀರಿ ಮತ ನೀಡಿದರೆ ಸ್ಥಾನವನ್ನೇ ಕಳೆದುಕೊಳ್ಳಬಹುದು. ತನ್ನ ತೀರ್ಮಾನದಂತೆ ನಿರ್ಭಯವಾಗಿ ಮತ ನೀಡಬಲ್ಲವನು ಪಕ್ಷೇತರನೊಬ್ಬನೇ. ಆದುದರಿಂದ ಪಕ್ಷೇತರರಾಗಿ ಮತ ಕೇಳುವವರನ್ನು ‘ಗೆದ್ದ ಮೇಲೆ ಯಾರನ್ನು ಬೆಂಬಲಿಸುತ್ತೀರಿ’ ಎಂದಷ್ಟೇ ಕೇಳಿ ಬಿಡದೆ, ‘ಯಾರನ್ನು ಪ್ರಶ್ನಿಸುತ್ತೀರಿ’ ಎಂದೂ ಓದುಗರು ಕೇಳಬೇಕು. ಬಿಡುವಿದ್ದವರು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿರುವ ಲೋಕಸಭಾ ಚರ್ಚೆಗಳ ಸಂಪುಟಗಳಲ್ಲಿ 1963ರ ಆಗಸ್ಟ್ 19ರಿಂದ 22ರವರೆಗಿನ ಪುಟಗಳನ್ನು ತೆರೆದು ಓದಬೇಕು.