ಕಾಗದದ ತೂಕ ಬೇರೆ, ದಪ್ಪ ಬೇರೆ

ಪುತ್ತೂರಿಗೆ ಅಚ್ಚುಕೂಟ ಹೊಸತಲ್ಲ. ಶಿವರಾಮ ಕಾರಂತರು ಸ್ವಂತ ಮುದ್ರಣಾಲಯವನ್ನು ನಡೆಸಿದ ಊರಿದು. ಇಂದು ಪುತ್ತೂರು, ಸುಳ್ಯ, ಕಡಬಗಳಲ್ಲಿ ಮದುವೆಯ ಕಾಗದ, ಬ್ರಹ್ಮಕಲಶದ ಆಮಂತ್ರಣ, ಶಾಲೆಯ ಸ್ಮರಣಸಂಚಿಕೆ ಎಂದು ಮುದ್ರಣದ ಕಾಗದವನ್ನು ಆರಿಸುವ ಹೊಣೆ ಯಾರ ಪಾಲಿಗೂ ಬರಬಹುದು. ಆಗ ಮೊದಲು ಕೇಳಿಬರುವ ಪ್ರಶ್ನೆ, “ಎಷ್ಟು ಜಿಎಸ್‌ಎಂ?”

ಒಂದು ಚದರ ಮೀಟರ್ ಕಾಗದವು ಎಷ್ಟು ಗ್ರಾಂ ತೂಗುವುದೋ ಅದೇ ಅದರ ಜಿಎಸ್‌ಎಂ. ಹದಿನಾರು ಎ-4 ಹಾಳೆಗಳು ಸೇರಿದರೆ ಒಂದು ಚದರ ಮೀಟರ್. ಆದುದರಿಂದ 80 ಜಿಎಸ್‌ಎಂ ಕಾಗದದ ಒಂದು ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ಇದು ತೂಕದ ಅಳತೆಯೇ ಹೊರತು ದಪ್ಪದ ಅಳತೆಯಲ್ಲ.

ಭೌತಶಾಸ್ತ್ರವನ್ನು ಬೋಧಿಸುವ ನಾನೇ ಒಮ್ಮೆ ಈ ಭೇದವನ್ನು ಮರೆತೆ. ವಿದ್ಯಾರ್ಥಿಗಳು ಹಣ ಕೂಡಿಸಿ ಹೊರತರುತ್ತಿದ್ದ 200 ಪುಟಗಳ ಸಂಚಿಕೆಯದು. ಎಂದರೆ 100 ಹಾಳೆ. ಮಾದರಿ ಕಾಗದದ ದಪ್ಪ 0.09 ಮಿ.ಮೀ. ಇದ್ದುದರಿಂದ 9 ಮಿ.ಮೀ. ಬೆನ್ನಿಗೆ ಸರಿಯಾಗಿ ರಕ್ಷಾಪುಟವನ್ನು ಅಚ್ಚು ಹಾಕಿಸಿದೆವು. ಬಳಿಕ ಆ ಕಾಗದ ದೊರೆಯಲಿಲ್ಲ. “ಇದೂ 70 ಜಿಎಸ್‌ಎಂ ತಾನೆ” ಎಂದು ಬೇರೊಂದಕ್ಕೆ ನಾನು ಒಪ್ಪಿದೆ. ಅದರ ದಪ್ಪ 0.12 ಮಿ.ಮೀ.! ಬೆನ್ನು 12 ಮಿ.ಮೀ. ಆಯಿತು, ಅದರ ಮೇಲಿನ ಹೆಸರು ಪಕ್ಕಕ್ಕೆ ಸರಿಯಿತು. ರಕ್ಷಾಪುಟಗಳೆಲ್ಲ ವ್ಯರ್ಥವಾದುವು.

ತೂಕ ಒಂದೇ ಆದರೂ ದಪ್ಪ ಬೇರೆಯಾಗುವುದೇಕೆ? ಸಮತೂಕದ ಅವಲಕ್ಕಿಯನ್ನೂ ಅರಳನ್ನೂ ನೋಡಿರಿ. ಅರಳು ಎಷ್ಟೋ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಕಾಗದವೂ ನಾರುಗಳ ಹೆಣಿಗೆ, ನಡುನಡುವೆ ಗಾಳಿಯಿದೆ. ಉರುಳೆಗಳ ನಡುವೆ ಒತ್ತಿದಷ್ಟೂ ಗಾಳಿ ಹೊರಟು, ಕಾಗದ ತೆಳುವೂ ನುಣುಪೂ ಆಗುತ್ತದೆ. ಇಂಥ ಮೈಯ ಮೇಲೆ ಚಿತ್ರಗಳು ಸ್ಫುಟವಾಗಿ ಮೂಡುತ್ತವೆ. ಆದರೆ ಬೆಳಕನ್ನು ಚದರಿಸುವುದು ನಾರು ಮತ್ತು ಗಾಳಿ ಸಂಧಿಸುವ ಎಡೆಗಳೇ. ಅವು ಕಡಿಮೆಯಾದರೆ ಹಿಂಬದಿಯ ಅಕ್ಷರಗಳು ಈಚೆಗೆ ಕಾಣತೊಡಗುತ್ತವೆ. ಓದುವ ಪುಸ್ತಕಕ್ಕೆ ಹಗುರವಾದರೂ ತುಸು ಉಬ್ಬಿದ ಕಾಗದವೇ ಹಿತ.

ಆಮಂತ್ರಣಕ್ಕೆ ಬೇಕಾದುದು ಬಿಗುವು. ಒಂದೇ ಬಗೆಯ ಕಾಗದದ ದಪ್ಪ ಇಮ್ಮಡಿಯಾದರೆ, ಬಾಗಿಸುವುದಕ್ಕೆ ಅದು ಒಡ್ಡುವ ತಡೆ ಸುಮಾರು ಎಂಟುಮಡಿಯಾಗುತ್ತದೆ. ಆದರೆ ದಪ್ಪ ಮಿತಿಮೀರಿದರೆ ಮಡಿಕೆಯಲ್ಲಿ ಬಿರುಕು ಬಿಡುವ ಭಯವುಂಟು.

ನಮ್ಮ ಸೀಮೆಯಲ್ಲಿ ಮಳೆಗಾಲವನ್ನೂ ಗಣಿಸಬೇಕು. ನಾರುಗಳು ತೇವವನ್ನು ಹೀರಿ ಉಬ್ಬುತ್ತವೆ. ಹಾಳೆ ಸುರುಳುತ್ತದೆ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲ. ಆಟಿ ತಿಂಗಳಲ್ಲಿ ಕಟ್ಟನ್ನು ಬೇಕಾದಾಗಲೇ ಬಿಚ್ಚುವುದು ಲೇಸು.

ಕಾಗದವನ್ನು ಒಪ್ಪುವ ಮುನ್ನ ನೂರು ಹಾಳೆಗಳನ್ನು ಜೋಡಿಸಿ, ಮೆಲ್ಲನೆ ಒತ್ತಿ, ಅಡಿಕೋಲಿನಿಂದ ಅಳೆಯಿರಿ. ಎಷ್ಟು ಮಿ.ಮೀ. ಬಂದಿತೋ ಅದರ ನೂರರಲ್ಲೊಂದು ಪಾಲೇ ಒಂದು ಹಾಳೆಯ ದಪ್ಪ. ಅರೆನಿಮಿಷದ ಈ ಪ್ರಯೋಗವನ್ನು ಅಂದು ನಾನು ಮಾಡಿದ್ದರೆ ವಿದ್ಯಾರ್ಥಿಗಳ ಹಣ ಉಳಿಯುತ್ತಿತ್ತು.